ಕುಲಾವಿಯ ಒಳಗಿನ ವಿಳಾಸ

ಭಾವ ಹುರಿದ ಕಡಲೆಬೀಜ ತಿನ್ನುತ್ತಿದ್ದ ಬೆರಳನ್ನು ಒಮ್ಮೆ ನೆಕ್ಕಿ, ಅದೇ ಬೆರಳಿನಿಂದ ಚಿಕ್ಕವಳ ಲ್ಯಾಪ್‌ಟಾಪಿನ ಪರದೆಯನ್ನು ಒತ್ತಿ, "ಇದನ್ನ ತಗೊ. ಕಣ್ಮುಚ್ಕೊಂಡು ತಗೊ" ಎಂದ. ಬೆರಳು ಎತ್ತಿದ ಜಾಗದಲ್ಲಿ ಎಣ್ಣೆಯ ಗುರುತು ಉಳಿಯಿತು. ಅದರ ಅಂಚಿಗೆ ಬೀಜದ ಕೆಂಪು ಸಿಪ್ಪೆಯ ಚೂರೊಂದು ಅಂಟಿಕೊಂಡಿತ್ತು. ಚಿಕ್ಕವಳು ಲ್ಯಾಪ್‌ಟಾಪನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು. ಹೇಳುವಂತಿಲ್ಲ, ಅಕ್ಕನ ಗಂಡ.

ಆ ಮನೆಯಲ್ಲಿ ಎಲ್ಲರೂ ಆತನನ್ನು ಬಹುವಚನದಲ್ಲಿಯೇ ಮಾತಾಡಿಸುತ್ತಿದ್ದರು. ಈ ಕಥೆಯಲ್ಲಿ ಆತನಿಗೆ ಆ ಮರ್ಯಾದೆ ಇಲ್ಲ. ಎದುರಿಗೆ 'ಭಾವ, ನೀವು' ಎನ್ನುತ್ತಿದ್ದ ಚಿಕ್ಕವಳೂ ಮನಸ್ಸಿನೊಳಗೆ ಬೃಹಸ್ಪತಿ ಎಂದೇ ಕರೆಯುತ್ತಿದ್ದಳು. ಆತನಿಗೆ ಪ್ರಿಂಟರು ಮಾರುವ ಕಂಪನಿಯಲ್ಲಿ ಕೆಲಸ. ಪ್ರಿಂಟರನ್ನು ಕಂಪ್ಯೂಟರಿಗೆ ಜೋಡಿಸಬೇಕಲ್ಲ, ಹಾಗಾಗಿ ಕಂಪ್ಯೂಟರು ಗೊತ್ತು. ಕಂಪ್ಯೂಟರಿನೊಳಗೆ ಇಂಟರ್ನೆಟ್ಟು ಇರುತ್ತದಲ್ಲ, ಹಾಗಾಗಿ ಅದೂ ಗೊತ್ತು. ಗೊತ್ತಿಲ್ಲದ್ದು ಯಾವುದು ಎಂದು ಕೇಳಿದವರು ಇದುವರೆಗೆ ಯಾರೂ ಇರಲಿಲ್ಲ.

ಚಿಕ್ಕವಳೆಂದರೆ ಚಿಕ್ಕವಳೇನಲ್ಲ, ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿದ್ದವು. ಮನೆಗೆ ಎರಡನೆಯ ಮಗಳಾದ್ದರಿಂದ ಆ ಹೆಸರು ಉಳಿದುಬಿಟ್ಟಿತ್ತು. ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೂತು ಊರಿನವರ ಪಾರ್ಸೆಲ್ಲುಗಳಿಗೆ ಅಂಟು ಹಚ್ಚಿ ಹಚ್ಚಿ ಜೀವ ಬೇಸತ್ತು, ಸಂಜೆ ಹೊತ್ತು ಟೈರಿನ ಅಂಗಡಿಯ ಮಾಳಿಗೆಯ ಮೇಲೆ ನಡೆಯುತ್ತಿದ್ದ ತರಗತಿಗೆ ಸೇರಿಕೊಂಡು ವೆಬ್‌ಸೈಟು ಕಟ್ಟುವುದನ್ನು ಕಲಿತಿದ್ದಳು. ಮೈಯೆಲ್ಲ ರಬ್ಬರಿನ ವಾಸನೆ ಹೊತ್ತುಕೊಂಡು ಮನೆಗೆ ಬರುತ್ತಿದ್ದಳು. ಆದರೂ ತಾನು ಬರೆದ ನಾಲ್ಕು ಸಾಲು ಕೋಡು ಪರದೆಯ ಮೇಲೆ ಒಂದು ಪುಟವಾಗಿ ನಿಂತ ದಿನ ಅವಳಿಗೆ ಊಟವೇ ಸೇರಿರಲಿಲ್ಲ, ಅಷ್ಟು ಸಂತೋಷ.

ಅವಳು ಕಟ್ಟಬೇಕಾಗಿದ್ದ ಮೊದಲ ವೆಬ್‌ಸೈಟು ಅಮ್ಮನದು. ಅಮ್ಮ ಎಳೆಮಕ್ಕಳ ಬಟ್ಟೆ ಹೊಲಿಯುವವಳು. ತಲೆ ಕಿವಿ ಮುಚ್ಚಿ ಕತ್ತಿನವರೆಗೆ ಇಳಿಯುವ ಕುಲಾವಿ, ಅಂಗಿ, ಕಾಲುಚೀಲ, ಹೊದಿಕೆ. ಹುಟ್ಟಿದ ಮಗುವಿನ ಚರ್ಮಕ್ಕೆ ಹೊಲಿಗೆ ತಾಗಬಾರದೆಂದು ಕುಲಾವಿಯ ಅಂಚನ್ನು ಹೊರಗಡೆಗೆ ಮಡಚಿ ಹೊಲಿಯುವ ಕೈ ಅದು. ಹರೆಯದಿಂದಲೂ ಅಂಗಡಿಗಳಿಗೆ ಹೊಲಿದು ಕೊಡುತ್ತ ಬಂದಿದ್ದಳು. ಪ್ರತಿ ಬಟ್ಟೆಯ ಕತ್ತಿನ ಬಳಿ ಕೊನೆಗೆ ಹೊಲಿಯಬೇಕಾದದ್ದು ಆ ಅಂಗಡಿಯ ಲೇಬಲ್. ಹೊಲಿದವಳು ಇವಳು, ಹೆಸರು ಅವರದು. ಊರಿನ ಎಷ್ಟು ಮಕ್ಕಳು ಅಮ್ಮನ ಕುಲಾವಿ ತೊಟ್ಟು ಬೆಳೆದರೋ, ಒಬ್ಬರಿಗೂ ಅದು ಇವಳದೆಂದು ಗೊತ್ತಿಲ್ಲ. ಈಗ ಅಂಗಡಿಗಳು ಕಾರ್ಖಾನೆಯ ಮಾಲು ತರಿಸತೊಡಗಿದ ಮೇಲೆ ಅಮ್ಮ ಒಂದು ದಿನ ಕತ್ತರಿ ಕೆಳಗಿಟ್ಟು, "ಇನ್ಮೇಲೆ ನನ್ನ ಲೇಬಲ್ಲೇ ಹೊಲೀತೀನಿ ಕಣೇ" ಎಂದಿದ್ದಳು. ಬಿಳಿ ಪಟ್ಟಿಯ ಮೇಲೆ ನೀಲಿ ದಾರದಲ್ಲಿ ನೇಯ್ದ ಅಕ್ಷರಗಳು. ಅಂಗಡಿಯಂತೂ ಇಲ್ಲ, ಹಾಗಾಗಿ ಅದರಲ್ಲಿ ಇರಬೇಕಾದದ್ದು ವೆಬ್‌ಸೈಟಿನ ವಿಳಾಸ. ಇಷ್ಟು ವರ್ಷಗಳಲ್ಲಿ ಅಮ್ಮ ತನಗೆಂದು ಆಸೆಪಟ್ಟದ್ದು ಅದೊಂದೇ.

ಅದಕ್ಕೇ ಚಿಕ್ಕವಳು ಹೋಸ್ಟಿಂಗ್ ಯಾವುದು ತೆಗೆದುಕೊಳ್ಳಬೇಕೆಂದು ವಾರಗಟ್ಟಲೆ ಓದಿದ್ದಳು. ಓದಿದಷ್ಟೂ ಅಸಹ್ಯವಾಗುತ್ತಿತ್ತು. 'ಹೊಸಬರಿಗೆ ಅತ್ಯುತ್ತಮ ಹೋಸ್ಟಿಂಗ್' ಎಂಬ ಲೇಖನಗಳಿಗೆ ಲೆಕ್ಕವೇ ಇಲ್ಲ. ಎಲ್ಲವೂ ಒಂದೇ ಬಾಯಿಂದ ಉಗುಳಿದ ಹಾಗೆ, ಅದೇ ಹೊಗಳಿಕೆ, ಅದೇ ನಕ್ಷತ್ರಗಳು, ಕೆಳಗೆ ಅದೇ ಹಸಿರು ಗುಂಡಿ. ಗುಂಡಿ ಒತ್ತಿದರೆ ಬರೆದವನಿಗೆ ಕಮಿಷನ್ನು. ಕಲಿಯಲು ಬಂದವರನ್ನು ಇಂಥವರು, ಬಸ್ ಸ್ಟ್ಯಾಂಡಿನಲ್ಲಿ ಲಾಡ್ಜಿನ ದಲ್ಲಾಳಿಗಳು ಮುತ್ತಿಕೊಳ್ಳುವಂತೆ ಮುತ್ತಿಕೊಳ್ಳುತ್ತಿದ್ದರು. ಕೊನೆಗೆ ಅವಳು ಎಲ್ಲವನ್ನೂ ಮುಚ್ಚಿ, ತರಗತಿಯ ಮೇಡಂ ಹೇಳಿದ್ದನ್ನೇ ಹಿಡಿದುಕೊಂಡಳು. ವೆಬ್‌ಸೈಟಿಗೆ ಬೇಕಾದ್ದು ಎರಡು: ಪುಟಗಳನ್ನು ಇಡಲು ಜಾಗ, ಅದೇ ಹೋಸ್ಟಿಂಗ್, ಜನ ಹುಡುಕಿಕೊಂಡು ಬರಲು ಹೆಸರು, ಅದೇ ಡೊಮೇನ್. ಜಾಗ ಕೈಕೊಟ್ಟರೆ ಬೇರೆ ಜಾಗಕ್ಕೆ ಹೋಗಬಹುದು. ಹೆಸರನ್ನು ಮಾತ್ರ ಪರರ ಕೈಗೆ ಕೊಡಬಾರದು. ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು, ಮರೆತರೆ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಅವಳು ಯೋಚಿಸಿದ್ದೂ ಅಷ್ಟೇ: ಕೋಡು ಬರೆಯಲು ಒಂದು ಸಾದಾ ಎಡಿಟರು, ಕೈಯಲ್ಲೇ ಬರೆದ ಒಂದು ಪುಟ, ಒಂದು ಸಣ್ಣ ಹೋಸ್ಟಿಂಗ್, ಅಮ್ಮನಿಗೊಂದು ಇಮೇಲು ಮಾಡಿ ಅದರಲ್ಲಿ ನೋಂದಾಯಿಸಿದ ಹೆಸರು.

"ಅಯ್ಯೋ, ಅದೆಲ್ಲ ಅಜ್ಜನ ಕಾಲದ್ದು" ಎಂದ ಬೃಹಸ್ಪತಿ, ಇನ್ನೊಂದು ಬೀಜ ಬಾಯಿಗೆ ಎಸೆದುಕೊಂಡು. "ಈಗ ಯಾರು ಕೋಡು ಬರೀತಾರೆ? ಈ ಪ್ಯಾಕೇಜ್ ನೋಡು. ಹೋಸ್ಟಿಂಗು, ಡೊಮೇನು, ಡಿಸೈನು ಎಲ್ಲಾ ಒಂದೇ ಕಡೆ. ಮೊದಲ್ನೇ ವರ್ಷ ಬಿಟ್ಟಿ! ನಾನು ನನ್ನ ಕಡೆಯಿಂದ ರಿಜಿಸ್ಟರ್ ಮಾಡ್ಸಿಬಿಡ್ತೀನಿ. ನೀನು ಬರೀ ಫೋಟೋ ಹಾಕು."

"ಹೆಸರು ಅಮ್ಮನ ಇಮೇಲಲ್ಲಿ ಇರ್ಲಿ ಭಾವ" ಎಂದಳು ಚಿಕ್ಕವಳು.

"ಅತ್ತೆಗೆ ಇಮೇಲ್ ನೋಡೋಕೆ ಬರುತ್ತಾ?" ಆತ ನಕ್ಕ. ಹಲ್ಲಿನ ಸಂದಿಯಲ್ಲಿ ಬೀಜ ಕಾಣುತ್ತಿತ್ತು.

ಅಮ್ಮ ಹೊಲಿಗೆ ಯಂತ್ರದ ಪಕ್ಕದಿಂದ ಎದ್ದು ಬಂದಳು. ಮಗಳ ಮುಖ ನೋಡಿದಳು, ಅಳಿಯನ ಮುಖ ನೋಡಿದಳು. ಆ ಮನೆಯಲ್ಲಿ ಒಳ್ಳೆಯ ಕುರ್ಚಿ ಅಳಿಯನಿಗೆ, ಫ್ಯಾನಿನ ಕೆಳಗಿನ ಜಾಗ ಅಳಿಯನಿಗೆ, ತಿಂಡಿಯ ಮೊದಲ ತಟ್ಟೆ ಅಳಿಯನಿಗೆ. ಇದೂ ಹಾಗೆಯೇ ಅಂದುಕೊಂಡಳು ಅಮ್ಮ. "ಅವರ ಹೆಸರಲ್ಲೇ ಇರ್ಲಿ ಬಿಡೇ. ಮನೆಯವರೇ ಅಲ್ವಾ? ಬೇಡ ಅಂದ್ರೆ ಬೇಜಾರು ಮಾಡ್ಕೊಳಲ್ವಾ ಪಾಪ" ಎಂದು ಅಡುಗೆಮನೆಗೆ ಹೋಗಿ ಇನ್ನೊಂದು ತಟ್ಟೆ ಬೀಜ ತಂದಿಟ್ಟಳು. ಮರ್ಯಾದೆಗೆಂದು ಕುರ್ಚಿ ಕೊಡುವವರು ಪ್ರಪಂಚದಲ್ಲೆಲ್ಲ ಇದ್ದಾರೆ. ಮರ್ಯಾದೆಗೆಂದು ವಿಳಾಸವನ್ನೇ ಬರೆದುಕೊಟ್ಟವಳು ಬಹುಶಃ ಅಮ್ಮ ಒಬ್ಬಳೇ. ಚಿಕ್ಕವಳು ನಾಲಿಗೆ ಕಚ್ಚಿಕೊಂಡು, ಕನ್ನಡಕದ ಬಟ್ಟೆಯಿಂದ ಪರದೆಯ ಮೇಲಿನ ಎಣ್ಣೆ ಒರೆಸಿದಳು. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು.

ಪ್ಯಾಕೇಜಿನ ಜೊತೆ ಬಂದ ಡಿಸೈನನ್ನು ನೋಡಿ ಚಿಕ್ಕವಳಿಗೆ ಅಳು ಬಂತು. ಪುಟ ತೆರೆದ ಕೂಡಲೇ ಮೇಲಿನಿಂದ ಗುಲಾಬಿ ಎಸಳುಗಳು ಉದುರುತ್ತಿದ್ದವು. ಕುಲಾವಿಯ ಫೋಟೋ ಎಡದಿಂದ ಬಂದು ಬಲಕ್ಕೆ ಓಡುತ್ತಿತ್ತು, ಸರಿಯಾಗಿ ನೋಡುವಷ್ಟರಲ್ಲಿ ಹೊದಿಕೆ ಬಂದು ಅದನ್ನು ತಳ್ಳುತ್ತಿತ್ತು. ಮೂಲೆಯಲ್ಲಿ ಹಲ್ಲು ಕಿರಿಯುವ ಹುಡುಗಿಯ ಚಿತ್ರವೊಂದು ಛಂಗನೆ ಎದ್ದು 'ನಮಸ್ಕಾರ! ನಾನು ಹೇಗೆ ಸಹಾಯ ಮಾಡಲಿ?' ಎಂದು ಕೇಳುತ್ತಿತ್ತು. ಉತ್ತರ ಕೊಟ್ಟರೆ ಮತ್ತೆ ನಮಸ್ಕಾರ ಎನ್ನುತ್ತಿತ್ತು. ಇಂಥ ಒಂದು ಅಲಂಕಾರ ತೆಗೆದರೆ ಇನ್ನೊಂದು ಕೆಡುತ್ತಿತ್ತು, ಅದನ್ನು ಸರಿಮಾಡಲು ಮೂರನೆಯದನ್ನು ಹಾಕಬೇಕಿತ್ತು. ಅವಳ ಸ್ವಂತ ಪುಟವೊಂದು ತರಗತಿಯ ಫೋಲ್ಡರಿನಲ್ಲಿ ಸುಮ್ಮನೆ ಬಿದ್ದಿತ್ತು: ಬಿಳಿ ಹಿನ್ನೆಲೆ, ಒಂದು ಕುಲಾವಿ, ಕೆಳಗೆ ಫೋನ್ ನಂಬರು. ನೋಡಿದರೆ ಕಣ್ಣು ತಣ್ಣಗಾಗುತ್ತಿತ್ತು.

ಅಮ್ಮನಿಗೆ ಮಾತ್ರ ಹೂವೆಂದರೆ ಹೂವೇ. ಫೋನಿನಲ್ಲಿ ಎಸಳು ಉದುರುವುದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿದಳು. ಲೇಬಲ್ಲಿನ ಸುರುಳಿ ಬಂದ ದಿನ ಅದನ್ನು ಬೆಳಕಿಗೆ ಹಿಡಿದು, ನೀಲಿ ಅಕ್ಷರಗಳ ಮೇಲೆ ಬೆರಳಾಡಿಸಿ, ಮೊದಲ ಕುಲಾವಿಗೆ ಹೊಲಿಯುವಾಗ ಉಸಿರು ಬಿಗಿ ಹಿಡಿದಿದ್ದಳು. ಹೆರಿಗೆ ಆಸ್ಪತ್ರೆಯ ನರ್ಸುಗಳು ಕೊಂಡರು, ಅವರ ಬಾಯಿಂದ ಬಾಣಂತಿಯರ ಅಮ್ಮಂದಿರಿಗೆ ತಿಳಿಯಿತು. ಫೋನು ಬರತೊಡಗಿತು. 'ಕತ್ತಿನ ಹತ್ರ ಬರ್ದಿತ್ತು, ಅದನ್ನ ನೋಡಿ ಫೋನ್ ಮಾಡ್ದೆ' ಎಂದು ಯಾರಾದರೂ ಹೇಳಿದರೆ ಅಮ್ಮನ ಮುಖ ನೋಡಬೇಕಿತ್ತು.

ವರ್ಷ ತುಂಬುವ ಮೊದಲು ಚಿಕ್ಕವಳು ಭಾವನಿಗೆ ಜ್ಞಾಪಿಸಿದಳು: "ಡೊಮೇನ್ ರಿನ್ಯೂ ಮಾಡ್ಬೇಕು ಭಾವ, ನಿಮಗೆ ಮೇಲ್ ಬಂದಿರುತ್ತೆ." "ಅದೆಲ್ಲ ಆಟೋಮ್ಯಾಟಿಕ್ಕು" ಎಂದ ಬೃಹಸ್ಪತಿ. ಮತ್ತೊಮ್ಮೆ ಕೇಳಿದಾಗ ಆತ ಉತ್ತರವನ್ನೇ ಕೊಡಲಿಲ್ಲ, ಅಕ್ಕ ಫೋನ್ ಮಾಡಿ, "ಏನೇ, ಅವರ ಮೇಲೆ ನಂಬಿಕೆ ಇಲ್ವಾ ನಿಂಗೆ?" ಎಂದಳು. ಅಮ್ಮನೂ ಗದರಿದಳು. ಚಿಕ್ಕವಳು ಬಾಯಿಗೆ ಬೀಗ ಹಾಕಿಕೊಂಡಳು.

ಆಮೇಲೆ ಒಂದು ಬೆಳಿಗ್ಗೆ, ಅಮ್ಮ ಸ್ನಾನಕ್ಕೆ ಹೋಗಿದ್ದಾಗ, ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ. ಮೊಮ್ಮಗನಿಗೆ ಇನ್ನೊಂದು ಕುಲಾವಿ ಬೇಕಿತ್ತಂತೆ. ಕನ್ನಡಕ ಹಾಕಿಕೊಂಡು, ಲೇಬಲ್ಲು ನೋಡಿ ನೋಡಿ ಒಂದೊಂದೇ ಅಕ್ಷರ ಒತ್ತಿದರಂತೆ. ಪಕ್ಕದಲ್ಲಿ ಅಳಿಯ ಕೂತಿದ್ದನಂತೆ.

"ನೀವು ಮನೆಯಲ್ಲಿ ಹೆಣ್ಮಕ್ಕಳಿರೋರಾ?" ಎಂದು ಕೇಳಿದರು ಅಜ್ಜಿ.

"ಯಾಕೆ ಹಾಗಂತೀರಿ?"

"ಹಸುಗೂಸಿನ ಕತ್ತಿನ ಹತ್ರ ಎಂಥಾ ಗಲೀಜು ಬರ್ದು ಕಳ್ಸಿದ್ದೀರಿ? ನಾಚಿಕೆ ಆಗಲ್ವಾ? ನರ್ಸಮ್ಮನ ಹತ್ರ ನಿಮ್ಮ ನಂಬರ್ ಇಸ್ಕೊಂಡು ಫೋನ್ ಮಾಡ್ದೆ, ಇದನ್ನ ಕೇಳೋಕೇ ಮಾಡ್ದೆ." ಫೋನು ಇಟ್ಟುಬಿಟ್ಟರು.

ಚಿಕ್ಕವಳು ವಿಳಾಸ ಒತ್ತಿದಳು. ಎಸಳು ಉದುರಲಿಲ್ಲ. ಅದರ ಬದಲು ಜೂಜಿನ ಚಕ್ರವೊಂದು ಗಿರ್ರನೆ ತಿರುಗುತ್ತ ಬಂತು, ಸುತ್ತ ದುಡ್ಡಿನ ಮಳೆ. ಬಟ್ಟೆ ಎಂಬುದು ನೆಪಕ್ಕಷ್ಟೇ ಇದ್ದ ಹೆಂಗಸರು ನಾಲಿಗೆ ಚಾಚಿಕೊಂಡು ಕರೆಯುತ್ತಿದ್ದರು. ಕೆಳಗೆ ಜಾರಿಸಿದರೆ ಇನ್ನೂ ಕೆಳಗಿನದು. ಅದನ್ನು ಇಲ್ಲಿ ಬರೆಯುವುದಕ್ಕೂ ಹೇಸಿಗೆ. ಮೇಲೆ ವಿಳಾಸದ ಜಾಗದಲ್ಲಿ ಮಾತ್ರ ಅಮ್ಮನ ನೀಲಿ ದಾರದ ಅಕ್ಷರಗಳು, ಒಂದೂ ಹೆಚ್ಚು ಕಡಿಮೆ ಇಲ್ಲದೆ ಹಾಗೆಯೇ ಇದ್ದವು. ಬಚ್ಚಲಿನಿಂದ ಅಮ್ಮ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಚಿಕ್ಕವಳು ಫೋನನ್ನು ಬೋರಲು ಹಾಕಿ, ಅದನ್ನು ಮುಟ್ಟಿದ ಬೆರಳನ್ನು ಸೀರೆಗೆ ಒರೆಸಿಕೊಂಡಳು.

ಏನಾಗಿತ್ತೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಬಿಟ್ಟಿಯ ವರ್ಷ ಮುಗಿದಿತ್ತು. ಯಾರೂ ನವೀಕರಿಸಿರಲಿಲ್ಲ. ಒಳ್ಳೆಯ ಜನ ಹುಡುಕಿಕೊಂಡು ಬರುವ ಹೆಸರುಗಳನ್ನೇ ಕಾದು ಕೂತು ಎತ್ತಿಕೊಳ್ಳುವವರು ಇರುತ್ತಾರೆ. ಅವರು ಎತ್ತಿಕೊಂಡಿದ್ದರು. ಕಂಪನಿಗೆ ಬರೆದರೆ, 'ಖಾತೆದಾರರೇ ನಮ್ಮನ್ನು ಸಂಪರ್ಕಿಸಬೇಕು' ಎಂಬ ಒಂದೇ ಉತ್ತರ, ಅದೂ ಆ ಹಲ್ಲು ಕಿರಿಯುವ ಹುಡುಗಿಯ ಬಾಯಿಂದ.

ಖಾತೆದಾರ ಫೋನ್ ಎತ್ತಿ, "ನಿನ್ನ ಕಂಪ್ಯೂಟರಲ್ಲಿ ವೈರಸ್ ಇರ್ಬೇಕು ನೋಡು" ಎಂದ.

"ಬೇರೆಯವರ ಫೋನಲ್ಲೂ ಅದೇ ಬರ್ತಿದೆ ಭಾವ. ಒಂದ್ಸಲ ನೀವೇ ತೆಗ್ದು ನೋಡಿ. ಆ ಮೇಲ್ ಒಂದು ನೋಡಿ, ಹೆಸರು ವಾಪಸ್ ತಗೊಳೋಕೆ ಇನ್ನೂ ಟೈಮ್ ಇದ್ರೂ ಇರ್ಬಹುದು."

"ಆ ಇಮೇಲು ನಾನು ತೆಗೆಯೋದೇ ಇಲ್ಲಮ್ಮ, ಅದು ಬರೀ ಇಂಥಾ ಕೆಲಸಕ್ಕೆ ಅಂತ ಮಾಡಿದ್ದು. ಪಾಸ್‌ವರ್ಡ್ ಎಲ್ಲಿದ್ಯೋ. ಭಾನುವಾರ ಮನೆಗೆ ಬರ್ತೀರಲ್ಲ, ನೋಡೋಣ. ಅಷ್ಟಕ್ಕೆಲ್ಲ ತಲೆ ಕೆಡಿಸ್ಕೋತಾರಾ? ಬೇರೆ ಹೆಸರು ತಗೊಂಡ್ರಾಯ್ತು." ಆತ ಅದನ್ನು ಒಮ್ಮೆಯೂ ತೆರೆದು ನೋಡಲಿಲ್ಲ. ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ.

ಅಮ್ಮನಿಗೆ ಹೇಳಲು ಚಿಕ್ಕವಳಿಗೆ ಬಾಯಿ ಬರಲಿಲ್ಲ. ಹೇಗೆ ಹೇಳುವುದು? ಅಮ್ಮ ಎದುರಿಗೆ ಕೂತು ಆಸ್ಪತ್ರೆಗೆ ಕೊಡಬೇಕಾದ ಕುಲಾವಿಗಳಿಗೆ ಅದೇ ಲೇಬಲ್ಲು ಹೊಲಿಯುತ್ತಿದ್ದಳು, ದಾರ ಹಲ್ಲಿನಲ್ಲಿ ಕಡಿದು, ಗುನುಗಿಕೊಂಡು. ಒಂದೊಂದು ಹೊಲಿಗೆ ಬಿದ್ದಾಗಲೂ ಚಿಕ್ಕವಳಿಗೆ ಆ ನಾಲಿಗೆ ಚಾಚಿದ ಮುಖಗಳು ಕಣ್ಣಿಗೆ ರಾಚುತ್ತಿದ್ದವು. ಅಮ್ಮ ಎದ್ದು ಹೋದಾಗ ಲೇಬಲ್ಲಿನ ಸುರುಳಿಯನ್ನು ಎತ್ತಿ ಮಂಚದ ಕೆಳಗಿನ ಹಳೆಯ ಚಪ್ಪಲಿ ಡಬ್ಬಕ್ಕೆ ಹಾಕಿದಳು. "ಅಯ್ಯೋ, ಇಲ್ಲೇ ಇಟ್ಟಿದ್ನಲ್ಲೇ, ಇಲಿ ಎಳ್ಕೊಂಡು ಹೋಯ್ತಾ?" ಎಂದು ಅಮ್ಮ ಮನೆಯೆಲ್ಲ ಹುಡುಕಿದಳು. ಕನ್ನಡಕ ಹಾಕಿಕೊಂಡು ಬೀರುವಿನ ಅಡಿಗೆ ಬಗ್ಗಿದಳು. ಚಿಕ್ಕವಳೂ ಜೊತೆಗೆ ಬೀರು ಸರಿಸಿ ಹುಡುಕಿದಳು. ತನ್ನ ಮೇಲೆ ತನಗೇ ಉಗಿಯುವಷ್ಟು ಅಸಹ್ಯವಾಯಿತು. ಆದರೆ ಅಸಹ್ಯ ಹೆಚ್ಚಾದಷ್ಟೂ ಅದು ತನ್ನನ್ನು ಬಿಟ್ಟು ಭಾವನ ಕಡೆಗೇ ಹರಿಯುತ್ತಿತ್ತು.

ಭಾನುವಾರ ಅಕ್ಕನ ಮನೆಯಲ್ಲಿ ಊಟ. ಹಲ್ಲಿನ ಡಾಕ್ಟರು ಮತ್ತವರ ಹೆಂಡತಿ ಕೂಡ ಬಂದಿದ್ದರು. ಭಾವ ಅವರ ಕ್ಲಿನಿಕ್ಕಿಗೆ ಪ್ರಿಂಟರು ಮಾರಿದ್ದ, ಈಗ ವೆಬ್‌ಸೈಟನ್ನೂ ಮಾಡಿಕೊಡುತ್ತೇನೆಂದು ಗಂಟುಬಿದ್ದಿದ್ದ. ಅಮ್ಮ ಬಂದವಳೇ ಸೆರಗು ಸಿಕ್ಕಿಸಿಕೊಂಡು ಅಕ್ಕನ ಜೊತೆ ಅಡುಗೆಮನೆ ಸೇರಿದಳು. ಚಿಕ್ಕವಳು ಭಾವನ ಬಳಿ ಹೋಗಿ, "ಆ ಮೇಲು..." ಎಂದಳು. ಆತ ಡಾಕ್ಟರ ಎದುರಿಗೇ ಅಂಗೈ ಎತ್ತಿ, "ಇರಮ್ಮಾ, ದೊಡ್ಡೋರು ಮಾತಾಡ್ತಿದ್ದೀವಿ" ಎಂದ. ಡಾಕ್ಟರ ಹೆಂಡತಿ ಅನುಕಂಪದಿಂದ ಅವಳ ಕಡೆ ನೋಡಿದರು. ಚಿಕ್ಕವಳ ಮೈ ಉರಿಯಿತು.

ಊಟಕ್ಕೆ ಮುಂಚೆ ಆತ ತನ್ನ ಕಂಪ್ಯೂಟರನ್ನು ಗೋಡೆಯ ಮೇಲಿನ ದೊಡ್ಡ ಟೀವಿಗೆ ಜೋಡಿಸಿದ. 'ಹೊಸಬರಿಗೆ ವೆಬ್‌ಸೈಟ್: ಆಯ್ಕೆ ನಮ್ಮದು, ನೆಮ್ಮದಿ ನಿಮ್ಮದು' ಎಂದು ಆತನ ಸ್ವಂತ ಪುಟ ತೆರೆದುಕೊಂಡಿತು. ಅಲ್ಲೂ ಎಸಳುಗಳು ಉದುರುತ್ತಿದ್ದವು. ಯಾವ ಹೋಸ್ಟಿಂಗ್ ಒಳ್ಳೆಯದು, ಹೊಸಬರು ಯಾವ ತಪ್ಪು ಮಾಡಬಾರದು ಎಂದು ಆತ ಬಡಾಯಿ ಕೊಚ್ಚತೊಡಗಿದ. ಟೀವಿಯ ಗಾಜನ್ನೂ ಬೆರಳಿಂದ ಒತ್ತಿ ಒತ್ತಿ ತೋರಿಸುತ್ತಿದ್ದ. "ನೋಡಿ ಡಾಕ್ಟ್ರೇ, ಜನ ಮಾಡೋ ದೊಡ್ಡ ತಪ್ಪು ಅಂದ್ರೆ ಗೊತ್ತಿಲ್ಲದೋರ ಕೈಗೆ ಕೊಡೋದು."

ಪುಟದ ಕೆಳಗೆ 'ನಮ್ಮ ಮೊದಲ ಕೆಲಸ' ಎಂದಿತ್ತು. ಅದರ ಅಡಿಯಲ್ಲಿ ಅಮ್ಮನ ಕುಲಾವಿಯ ಫೋಟೋ. ಒತ್ತಿದರೆ ಎಲ್ಲಿಗೆ ಹೋಗುತ್ತದೆಂದು ಆ ಕೋಣೆಯಲ್ಲಿ ಚಿಕ್ಕವಳೊಬ್ಬಳಿಗೇ ಗೊತ್ತಿತ್ತು. ಆತ ಅದನ್ನು ದಾಟಿ ಮೇಲಕ್ಕೆ ಹೋಗುವುದರಲ್ಲಿದ್ದ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅದನ್ನೂ ತೋರ್ಸಿ ಭಾವ" ಎಂದಳು ಚಿಕ್ಕವಳು. ಅವಳ ದನಿ ಅವಳಿಗೇ ಜೇನಿನಷ್ಟು ಸಿಹಿಯಾಗಿ ಕೇಳಿಸಿತು. "ಅಮ್ಮನ ವೆಬ್‌ಸೈಟು. ನೀವೇ ಮಾಡಿದ್ದು ಅಲ್ವಾ?"

"ಹಾಂ, ಹಾಂ, ನೋಡಿ ಡಾಕ್ಟ್ರೇ, ನಮ್ಮತ್ತೆಯವರದ್ದು. ಪೂರ್ತಿ ನಾನೇ ಮಾಡಿಸ್ಕೊಟ್ಟಿದ್ದು" ಎಂದು ಬೃಹಸ್ಪತಿ ಎದೆಯುಬ್ಬಿಸಿ ಒತ್ತಿದ.

ಗೋಡೆಯಷ್ಟು ದೊಡ್ಡದಾಗಿ ಬಂತು. ಸದ್ದು ಬೇರೆ. ಗಿರಗಿರನೆ ಚಕ್ರ, ಝಣಝಣ ದುಡ್ಡು, ಮನುಷ್ಯರು ಮನೆಯೊಳಗೆ ಕೇಳಿಸಿಕೊಳ್ಳಬಾರದ ದನಿಗಳು. ಡಾಕ್ಟರು ತಟ್ಟನೆ ಚಾವಣಿ ನೋಡಿದರು. ಅವರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದರು. ಭಾವ ಮೌಸನ್ನು ಹಿಡಿದು ಎಳೆದಾಡಿದ, ಮುಚ್ಚುವ ಗುರುತು ಸಿಗಲಿಲ್ಲ, ಸಿಕ್ಕಿದ್ದನ್ನು ಒತ್ತಿದರೆ ಇನ್ನೊಂದು ತೆರೆದುಕೊಂಡಿತು, ಮೊದಲಿನದಕ್ಕಿಂತ ಹೊಲಸು. ಆತನ ಕತ್ತು ಕೆಂಪಾಗಿ, ಕಿವಿ ಕೆಂಪಾಗಿ, ಹಣೆಯ ಬೆವರು ಮೂಗಿಗಿಳಿಯಿತು. ಚಿಕ್ಕವಳಿಗೆ ಎದೆಯೊಳಗೆ ಏನೋ ತಣ್ಣಗಾಯಿತು. ಇದಕ್ಕೇ ಕಾದಿದ್ದೆ ಅನಿಸಿತು. ಆ ಮುಖವನ್ನು ಚೆನ್ನಾಗಿ ನೋಡಿಕೊಳ್ಳಲೆಂದು ತಿರುಗಿದಳು.

ತಿರುಗಿದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಶರಬತ್ತಿನ ಲೋಟಗಳ ತಟ್ಟೆ. ತನ್ನ ವೆಬ್‌ಸೈಟು ಎಂಬ ಮಾತು ಕೇಳಿ ಬೇಗ ಬೇಗ ಬಂದಿದ್ದಳು, ಹೂವು ಉದುರುವುದನ್ನು ದೊಡ್ಡ ಟೀವಿಯಲ್ಲಿ ನೋಡಲು. ಮುಖದ ಮೇಲೆ ಆ ನಗು ಇನ್ನೂ ಇತ್ತು, ಇಳಿಸುವುದನ್ನು ಮರೆತಂತೆ. ಅಮ್ಮ ಆ ಹೆಂಗಸರನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಮೇಲಿನ ಸಾಲಿನಲ್ಲಿತ್ತು. ತಾನು ಎಷ್ಟೋ ಸಲ ಬೆರಳಿಟ್ಟು ಸವರಿದ ಆ ಅಕ್ಷರಗಳನ್ನು ಅವಳ ತುಟಿ ಒಂದೊಂದಾಗಿ ಓದುತ್ತಿತ್ತು.

ಅಕ್ಕ ಓಡಿ ಬಂದು ಟೀವಿಯ ವೈರನ್ನೇ ಕಿತ್ತಳು. "ಯಾರೋ ಹ್ಯಾಕ್ ಮಾಡಿದ್ದಾರೆ" ಎಂದ ಭಾವ. "ಈಗಿನ ಕಾಲ ಹಾಗಿದೆ ನೋಡಿ, ಮಾನವಂತರ ವೆಬ್‌ಸೈಟನ್ನೇ..." ಎಂದು ಮತ್ತೆ ಶುರುಮಾಡಿದ. ಡಾಕ್ಟರಿಗೆ ಇದ್ದಕ್ಕಿದ್ದಂತೆ ಯಾರೋ ರೋಗಿಯ ನೆನಪಾಯಿತು. ಊಟ ಮಾಡದೆ ಹೊರಟರು.

ಅಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು, ಚೆಲ್ಲಿದ್ದ ಶರಬತ್ತನ್ನು ಸೆರಗಿನಿಂದ ಒರೆಸಿದಳು. ಅಳಿಯನ ಕಡೆ ತಿರುಗಲೇ ಇಲ್ಲ. ಚಿಕ್ಕವಳನ್ನು ಕೇಳಿದಳು: "ಇದು ಯಾವಾಗಿಂದ ಹೀಗೆ?"

"ಸ್ವಲ್ಪ ದಿನ ಆಯ್ತಮ್ಮ."

"ಲೇಬಲ್ಲು?"

"ಮಂಚದ ಕೆಳಗಿದೆ. ನಾನೇ ಇಟ್ಟೆ."

"ಇಲಿ ಅಂತ ನಿನ್ನ ಜೊತೆ ಬೀರು ಸರಿಸ್ದೆನಲ್ಲೇ" ಎಂದಳು ಅಮ್ಮ. ಕೋಪದಲ್ಲೇನೂ ಹೇಳಲಿಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಕೂತಿದ್ದಳು. ಚಿಕ್ಕವಳು, ಎಲ್ಲ ಭಾವನದೇ ತಪ್ಪು, ಎಷ್ಟು ಸಲ ಹೇಳಿದೆ, ಮೇಲ್ ಕೂಡ ನೋಡಲಿಲ್ಲ, ಎಂಥಾ ಕೊಳಕು ಮನುಷ್ಯ ಎಂದು ಒಂದೇ ಸಮನೆ ಹೇಳುತ್ತ ಬಂದಳು. ಹೇಳಿದ್ದೆಲ್ಲ ನಿಜವೇ. ತಮ್ಮ ಸ್ಟಾಪು ಬರುವ ಹೊತ್ತಿಗೆ ಅಮ್ಮ ಬಾಯಿ ಬಿಟ್ಟಳು.

"ಅವರಿಗೆ ಬೇಜಾರಾಗ್ಬಾರ್ದು ಅಂತ ನಾನು ಅದನ್ನ ಅವರ ಕೈಗೆ ಕೊಟ್ಟೆ. ಅದು ನನ್ನ ದಡ್ಡತನ. ಅವರಿಗೆ ಅವಮಾನ ಆಗ್ಲಿ ಅಂತ ನೀನು ಅದನ್ನ ಟೀವಿಗೆ ಹಾಕ್ಸಿದೆ. ಇಬ್ಬರಲ್ಲಿ ಯಾರಿಗಾದ್ರೂ ನನ್ನ ಹೆಸರು ನೆನಪಿತ್ತಾ?"

ಅಮ್ಮ ಎದ್ದು ಬಸ್ಸಿನ ಕಂಬಿ ಹಿಡಿದುಕೊಂಡು ಬಾಗಿಲ ಕಡೆ ನಡೆದಳು.

ಮರುದಿನದಿಂದ ಅಮ್ಮ ಹೊಲಿಗೆ ಬಿಚ್ಚಲು ಕೂತಳು. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆಯನ್ನು ಲೇಬಲ್ಲಿನ ಅಡಿಗೆ ತೂರಿಸಿ, ನೀಲಿ ಅಕ್ಷರಗಳನ್ನು ಕುಲಾವಿಯಿಂದ ಬಿಡಿಸಿ, ಪಕ್ಕದ ಹಳೆಯ ಪತ್ರಿಕೆಯ ಮೇಲೆ ಹಾಕುತ್ತಿದ್ದಳು. ಮನೆಯಲ್ಲಿದ್ದವು ಮುಗಿದ ಮೇಲೆ ಚೀಲ ಹಿಡಿದು ಹೊರಟಳು. ನರ್ಸುಗಳನ್ನು ಕೇಳಿ, ಅವರು ನೆನಪು ಮಾಡಿಕೊಂಡು ಹೇಳಿದ ಮನೆಗಳನ್ನು ಹುಡುಕಿ, ಬಾಗಿಲು ತಟ್ಟಿ, "ನಿಮ್ಮ ಮಗೂಗೆ ಒಂದು ಕುಲಾವಿ ಕೊಟ್ಟಿದ್ದೆ, ಅದರಲ್ಲಿ ಒಂದು ಸಣ್ಣ ಹೊಲಿಗೆ ಕೆಲಸ ಬಾಕಿ ಇದೆ" ಎನ್ನುತ್ತಿದ್ದಳು. ಯಾಕೆಂದು ಕೇಳಿದರೆ ಹೇಳುತ್ತಿದ್ದಳು, ಮುಚ್ಚಿಡುತ್ತಿರಲಿಲ್ಲ. ಕೆಲವರು ನಕ್ಕರು. ಒಬ್ಬ ಗಂಡಸು, "ಓ, ಅದಾ ಆಂಟಿ, ನಾವೂ ನೋಡಿದ್ವಿ" ಎಂದು ಹಲ್ಲು ಕಿರಿದ. ಚಿಕ್ಕವಳು ಹಿಂದೆ ನಿಂತು ಚೀಲ ಹಿಡಿದಿದ್ದಳು. ಅವನ ಮುಖಕ್ಕೆ ಉಗಿಯಬೇಕೆನಿಸಿತು. ಅಮ್ಮ ತಲೆ ಎತ್ತದೆ ದಾರ ಎಳೆಯುತ್ತಿದ್ದಳು.

ಫೋನ್ ಮಾಡಿ ಬೈದಿದ್ದ ಅಜ್ಜಿಯ ಮನೆಯೂ ಸಿಕ್ಕಿತು. ಅಜ್ಜಿ ಅಮ್ಮನ ಮಾತನ್ನೆಲ್ಲ ಕೇಳಿ, ಒಳಗೆ ಹೋಗಿ ಕುಲಾವಿ ತಂದರು. ಲೇಬಲ್ಲು ಇರಲಿಲ್ಲ. ಅವತ್ತೇ ಸಿಟ್ಟಿನಲ್ಲಿ ತರಕಾರಿ ಕತ್ತರಿಸುವ ಚಾಕುವಿನಿಂದ ಕಿತ್ತಿದ್ದರು. ಬಟ್ಟೆಯೂ ಕಿತ್ತು ಬಂದಿತ್ತು. ಕತ್ತಿನ ಅಂಚಿನಲ್ಲಿ ಬೆರಳು ತೂರುವಷ್ಟು ತೂತು, ಸುತ್ತ ದಾರ ಜೋತುಬಿದ್ದಿತ್ತು. ಆದರೂ ಅದನ್ನೇ ಒಗೆದು ಒಗೆದು ಮಗುವಿಗೆ ಹಾಕುತ್ತಿದ್ದರೆಂದು ನೋಡಿದರೇ ಗೊತ್ತಾಗುತ್ತಿತ್ತು.

"ಬೇರೆ ಕುಲಾವಿ ಹಾಕಿದ್ರೆ ಹಟ ಮಾಡುತ್ತೆ, ತಲೆ ಕೆರ್ಕೊಳುತ್ತೆ" ಎಂದರು ಅಜ್ಜಿ, ಎಲ್ಲೋ ನೋಡುತ್ತ.

ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು ಸೂಜಿಗೆ ದಾರ ಪೋಣಿಸಿ ತೂತು ಹೊಲಿದಳು. ಹೊಲಿಗೆಯನ್ನು ಹೊರಗಡೆಗೇ ಮಡಚಿದಳು. ಅಜ್ಜಿ ಕುಲಾವಿಯನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಬೇರೆ ಯಾರಾದ್ರೂ ಕೇಳಿದ್ರೆ ನೀವು ಎಲ್ಲಿ ಸಿಗ್ತೀರಿ ಅಂತ ಹೇಳೋದು?" ಎಂದರು. ಅಮ್ಮ ಸೂಜಿ ದಾರವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಇನ್ನೂ ಎಷ್ಟು ಮನೆಗಳಲ್ಲಿ ಎಷ್ಟು ಕುಲಾವಿಗಳಿದ್ದವೋ, ನರ್ಸುಗಳಿಗೂ ನೆನಪಿರಲಿಲ್ಲ.

ಆ ಸಂಜೆ ಅಕ್ಕನ ಮನೆಯಿಂದ ಫೋನ್ ಬಂತು. "ಅತ್ತೆ, ಆಗಿದ್ದಾಯ್ತು. ಈ ಸಲ ಇನ್ನೂ ಒಳ್ಳೇ ಪ್ಯಾಕೇಜ್ ನೋಡಿದ್ದೀನಿ" ಎಂದು ಬೃಹಸ್ಪತಿಯ ದನಿ ಸ್ಪೀಕರಿನಲ್ಲಿ ಕೇಳಿಸಿತು. ಏನೋ ಜಗಿಯುತ್ತಿದ್ದ. "ಬೇಡಪ್ಪ" ಎಂದಳು ಅಮ್ಮ. ಅಳಿಯನಿಗೆ ಅವಳು ಬೇಡ ಎಂದದ್ದು ಅದೇ ಮೊದಲು. ಕಾರಣ ಹೇಳಲಿಲ್ಲ, ಫೋನ್ ಇಟ್ಟಳು.

ಆಮೇಲೆ ಚಿಕ್ಕವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಚಿಕ್ಕವಳು ತನ್ನ ಸಾದಾ ಪುಟವನ್ನು ತೆರೆದಳು: ಬಿಳಿ ಹಿನ್ನೆಲೆ, ಒಂದು ಕುಲಾವಿ, ಫೋನ್ ನಂಬರು. ಅಮ್ಮ ಅದನ್ನು ಬಹಳ ಹೊತ್ತು ನೋಡಿ, "ಇದು ಮೊದಲೇ ಇತ್ತಾ?" ಎಂದಳು. "ಇತ್ತಮ್ಮ." ಹೋಸ್ಟಿಂಗ್ ಯಾವುದು, ಯಾಕೆ, ಹೆಸರನ್ನು ಯಾವಾಗ ನವೀಕರಿಸಬೇಕು, ಮೇಲ್ ಬಂದರೆ ಹೇಗೆ ತಿಳಿಯುತ್ತದೆ ಎಂದು ಒಂದೊಂದನ್ನೇ ಕೇಳಿ ತಿಳಿದುಕೊಂಡಳು. ಇಮೇಲ್ ಮಾಡಿಕೊಂಡಳು, ತನ್ನ ಹೆಸರಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು ಕೀಲಿಯ ಮೇಲೆ ಸದ್ದು ಮಾಡುತ್ತಿತ್ತು. ಚಿಕ್ಕವಳ ಜೀವಕ್ಕೆ ಎಷ್ಟೋ ದಿನದ ಮೇಲೆ ಹಾಯೆನಿಸಿತು. ಎಲ್ಲ ಸರಿಹೋಗುತ್ತಿದೆ ಅಂದುಕೊಂಡಳು.

ಪಾಸ್‌ವರ್ಡಿನ ಜಾಗ ಬಂತು.

"ನಂಗೂ ಹೇಳ್ಬಿಡಮ್ಮ" ಎಂದಳು ಚಿಕ್ಕವಳು. "ಮರ್ತು ಹೋದ್ರೆ ಕಷ್ಟ."

ಅಮ್ಮ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದಳು. ಸಿಟ್ಟಿನಿಂದ ನೋಡಲಿಲ್ಲ. ಬಟ್ಟೆ ಕತ್ತರಿಸುವ ಮೊದಲು ಅಳತೆ ನೋಡುವ ಹಾಗೆ ನೋಡಿದಳು.

"ನೀನು ಸ್ವಲ್ಪ ಆ ಕಡೆ ತಿರುಗು" ಎಂದಳು.

ಚಿಕ್ಕವಳು ಗೋಡೆಯ ಕಡೆ ತಿರುಗಿ ಕೂತಳು. ಅವಳ ಬೆನ್ನ ಹಿಂದೆ ಅಮ್ಮ ನಿಧಾನವಾಗಿ, ತಡೆದು ತಡೆದು, ಒಂದೊಂದೇ ಅಕ್ಷರ ಒತ್ತುತ್ತಿದ್ದಳು.